ಗಾಜಿನ ತೊಟ್ಟಿಯ ಸಹಬಾಳ್ವೆ

ಮೀನನ್ನು ಆಹಾರವೆಂದು ನೆನೆಯದ ಶ್ರಾವಕರ ಪಡಸಾಲೆಗೂ, ಹೂವಿನ ಹಿಪ್ಪರಗಿಯಂತಹ ಊರಿನಲ್ಲಿಯೂ, ಅದು ಅಲಂಕಾರವಾಗಿ ಬಂದೀತು. ಹಲವು ಬಗೆಯ ಲೋಚ್ ಮೀನುಗಳನ್ನು ಒಂದೊಂದರಂತೆ ಕೂಡಿಸಿ ಸಹಬಾಳ್ವೆಯೆನ್ನುವವರುಂಟು. ಕಚ್ಚಾಡದಿದ್ದ ಮಾತ್ರಕ್ಕೆ ಅದು ಸಹಬಾಳ್ವೆಯೇ? ಇವು ಸ್ವಜಾತಿಯ ಐದಾರರ ಗುಂಪಿನಲ್ಲಿ ನೆಮ್ಮದಿಯಿಂದಿರುವ ಜೀವಿಗಳು. ಒಂಟಿಯಾದದ್ದು ಅಡಗಿ ಕೂರುತ್ತದೆ, ಇಲ್ಲವೇ ನೆರೆಯದನ್ನು ಪೀಡಿಸುತ್ತದೆ. ಸುಮಾತ್ರಾ, ಬೋರ್ನಿಯೋಗಳ ಕ್ಲೌನ್ ಲೋಚ್ ಒಂದಡಿಯವರೆಗೂ ಬೆಳೆಯಬಲ್ಲದು. 1920ರಲ್ಲಿ ಸಿ. ಆರ್. ನಾರಾಯಣ ರಾವ್ ಅವರು ತೀರ್ಥಹಳ್ಳಿಯ ತುಂಗೆಯಿಂದ ವರ್ಣಿಸಿದ ನಮ್ಮ ಪಟ್ಟೆಯ ಲೋಚ್ ಗೇಣುದ್ದವೂ ಇಲ್ಲ, ಅಳಿವಿನ ಅಂಚಿನಲ್ಲಿದೆ.

ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಮೊದಲು ಹೇಳುವುದು ಬಂಧವನ್ನೇ. ತೊಟ್ಟಿಯ ಬಸವನಹುಳು ತಿನ್ನಲೆಂದು ಇವನ್ನು ತರುವವರಂತೂ ಕೊಲೆಯನ್ನು ಮೀನಿಗೆ ವಹಿಸಿದ್ದಾರೆ, ಅಷ್ಟೆ.

ಈಗಾಗಲೇ ತಂದವರು ಹೊಳೆಗೆ ಬಿಡಬಾರದು. ಪರದೇಶದ ಮೀನು ಅಲ್ಲಿಯ ಜೀವಗಳಿಗೆ ಕಂಟಕವಾದೀತು. ಒಂಟಿ ಮೀನನ್ನು ಅದರ ಜಾತಿಯವು ಇರುವ ಬೇರೊಂದು ಮನೆಯ ತೊಟ್ಟಿಗೆ ಸೇರಿಸಲಿ. ಬರಿದಾದ ತೊಟ್ಟಿಗೆಂದು ಮತ್ತೆ ಕೊಳ್ಳದಿರಲಿ.