ಪರರ ವಶದಲ್ಲಿರುವ ಮಗು

ಕೂಲಿಗಾಗಿ ದೂರ ಹೋಗುವ ತಂದೆತಾಯಿಗಳು ಮಗುವನ್ನು ಸೋದರತ್ತೆಗೆ ಒಪ್ಪಿಸುವದುಂಟು. ಅದು ಮರದಿಂದ ಬಿದ್ದು ಪ್ರಾಣಸಂಕಟದಲ್ಲಿರುವಾಗ, ಶಸ್ತ್ರಕ್ರಿಯೆಗೆ ತಂದೆಯ ಮಾತು ಬರುವ ತನಕ ಅತ್ತೆಯು ಕಾದಿರಬೇಕೋ? ಕೆಲವರು ಇದನ್ನು ಮರ್ಯಾದೆಯೆನ್ನುತ್ತಾರೆ; ನನಗಾದರೋ ಅಪವಾದದ ಭಯವೆಂದು ತೋರುತ್ತದೆ. 1860ರ ದಂಡಸಂಹಿತೆಯಲ್ಲಿ ಇಂಥದೇ ದೃಷ್ಟಾಂತವಿತ್ತು: ಪೋಷಕರನ್ನು ಕೇಳಲು ಸಮಯವಿಲ್ಲದಾಗ, ಮಗುವು ಬೇಡವೆಂದು ಅಂಗಲಾಚಿದರೂ, ಅದರ ಹಿತಕ್ಕಾಗಿ ಸದ್ಭಾವದಿಂದ ಶಸ್ತ್ರ ಹಿಡಿದ ವೈದ್ಯನು ಅಪರಾಧಿಯಲ್ಲ. 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 30ನೆಯ ಕಲಮೂ ಇದನ್ನೇ ಉಳಿಸಿಕೊಂಡಿದೆ. ಆದರೆ ಕಾನೂನು ವೈದ್ಯನ ಕೈಕಟ್ಟನ್ನು ಬಿಚ್ಚೀತೇ ಹೊರತು ಅತ್ತೆಗೆ ಧೈರ್ಯ ಕೊಡಲಾರದು. ಮಗುವನ್ನೂ ಬಟ್ಟೆಗಂಟನ್ನೂ ಕೊಟ್ಟು ಅಧಿಕಾರವನ್ನು ಮಾತ್ರ ಕೊಡದೆ ಹೋಗುವದು ಎಂಥ ಒಪ್ಪಿಸುವಿಕೆ? “ಅಕ್ಕಾ, ಅವಸರ ಬಿದ್ದರೆ ನೀನೇ ಒಪ್ಪಿಗೆ ಕೊಡು” ಎಂದು ರುಜು ಹಾಕಿದ ಚೀಟಿಯನ್ನು, ಮಗುವಿಗೆ ಒಗ್ಗದ ಔಷಧಗಳ ಹೆಸರುಗಳೊಡನೆ, ಆ ಗಂಟಿನಲ್ಲಿಯೇ ಇಡಬಹುದಲ್ಲವೇ?