ಓಟಕ್ಕೆ ಮೊದಲು ನಿಲುಗಡೆ

ದಶಕಗಳಿಂದ ಕೊಟ್ಟಿಗೆಯಲ್ಲಿ ನಿಂತ ಕಾರನ್ನು ಎಬ್ಬಿಸುವವನು ಮೊದಲು ಯಾವುದನ್ನು ಸರಿಪಡಿಸಬೇಕು? ೧೯೪೮ರಲ್ಲಿ ಇಂಗ್ಲೆಂಡಿನಲ್ಲಿ ತಯಾರಿಕೆ ಆರಂಭವಾದ ಮಾರಿಸ್ ಮೈನರ್ ಕಾರನ್ನೇ ನೋಡಬಹುದು. ಸಿಲಿಂಡರುಗಳಿಗೆ ಎಣ್ಣೆಯೆರೆದು, ಕೆಲವು ದಿನ ಕಾದು, ಕೈಯಿಂದ ಮೆಲ್ಲನೆ ತಿರುಗಿಸಿ, ಹಳಸಿದ ಪೆಟ್ರೋಲನ್ನು ಬಸಿದು ಹೊಸದನ್ನು ತುಂಬಿದರೆ ಅದರ ಸರಳವಾದ ಎಂಜಿನ್ ಪುನಃ ಚಾಲನೆಗೊಳ್ಳುವುದು ಅಸಾಧ್ಯವೇನಲ್ಲ. ಆ ಸದ್ದು ಕೇಳಿದೊಡನೆ ಒಡೆಯನ ಮನಸ್ಸು ರಸ್ತೆಗೆ ಹಾರುತ್ತದೆ.

ಆದರೆ ಅದರ ಬ್ರೇಕುಗಳು ದ್ರವದ ಒತ್ತಡದಿಂದ ನಡೆಯುವಂಥವು. ಆ ದ್ರವವು ಗಾಳಿಯ ತೇವವನ್ನು ಹೀರಿ ಒಳಗಿನ ಲೋಹಕ್ಕೆ ತುಕ್ಕು ತಂದಿರುತ್ತದೆ, ರಬ್ಬರು ಬಿರುಕುಬಿಟ್ಟಿರುತ್ತದೆ. ನಿಂತ ಕಾರಿನಲ್ಲಿ ಈ ದೋಷವು ಕಾಣದು. ಒಡೆಯನು ತನ್ನ ಪ್ರಾಣವನ್ನು ಪಣವಾಗಿಡಬಹುದೆಂದು ವಾದಿಸುವವರುಂಟು. ದಾರಿಹೋಕನ ಪ್ರಾಣವನ್ನಿಡುವ ಹಕ್ಕು ಅವನಿಗೆಲ್ಲಿಯದು? ಎಂಜಿನಿನ ಸದ್ದು ಅವನ ಸ್ವಂತ ಸಂತೋಷ; ಬ್ರೇಕಿನ ದುರಸ್ತಿಯಾದರೋ ಪರರಿಗೆ ಸಲ್ಲಬೇಕಾದ ಋಣ. ಋಣವು ಮೊದಲು ಸಲ್ಲಲಿ.