ಅಳೆಯುವುದೂ ಕಲಿಸುವುದೂ

ಪಾಠಗಳೆಲ್ಲ ಮುಗಿದು, ತಿದ್ದಿಕೊಳ್ಳಲು ಅವಕಾಶವೇ ಉಳಿಯದ ಹೊತ್ತಿನಲ್ಲಿ ಬಂದು, ಇಷ್ಟು ಅಂಕವೆಂದು ತೀರ್ಪಿತ್ತು ಹೊರಟುಹೋಗುವ ಪರೀಕ್ಷೆಯು ವಿದ್ಯಾರ್ಥಿಗೆ ಮಾಡುವ ಉಪಕಾರವೇನೆಂಬ ಪ್ರಶ್ನೆಯನ್ನು ನಾವು ಇನ್ನೂ ಗಂಭೀರವಾಗಿ ಎದುರಿಸಿದಂತೆ ಕಾಣದು. 2009ರ ಶಿಕ್ಷಣ ಹಕ್ಕು ಕಾಯಿದೆಯು ನಿರಂತರವೂ ವ್ಯಾಪಕವೂ ಆದ ಮೌಲ್ಯಮಾಪನವನ್ನು ವಿಧಿಸಿತು. ಆದರೆ ದೊಡ್ಡದೊಂದು ಪರೀಕ್ಷೆಯನ್ನು ಒಡೆದು ಸಣ್ಣ ಸಣ್ಣ ಪರೀಕ್ಷೆಗಳನ್ನಾಗಿಸಿ, ಅವುಗಳ ಅಂಕಗಳನ್ನು ವಹಿಯಲ್ಲಿ ತುಂಬಿದ ಮಾತ್ರಕ್ಕೆ ಆ ಕಾಯಿದೆಯ ಆಶಯ ಸಿದ್ಧಿಸಲಾರದು.

ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರದಿಂದ ಗೊಂಬೆಯನ್ನು ಕೆತ್ತಿ, ಹುಣಸೆಬೀಜದ ಅಂಟಿನಿಂದ ಸಂದುಗಳನ್ನು ಬೆಸೆದು, ಬಿಳಿಯ ಲೇಪವಿತ್ತು, ಕಟ್ಟಕಡೆಗೆ ಬಣ್ಣವನ್ನಿಡುತ್ತಾರೆ. ಅಲ್ಲಿ ಪರೀಕ್ಷೆ ಪ್ರತಿ ಹಂತದಲ್ಲಿಯೂ ಉಂಟು: ಸಂದಿನ ದೋಷವನ್ನು ಲೇಪಕ್ಕೆ ಮೊದಲೇ ಕಂಡು ತಿದ್ದದಿದ್ದರೆ ಮುಂದಿನ ಶ್ರಮವೆಲ್ಲ ವ್ಯರ್ಥ. ನೋಡುವ ಕಣ್ಣು ಹಿರಿಯನದಾದರೂ ತಿದ್ದುವ ಕೈ ಕಲಿಯುವವನದೇ.

ಶಾಲೆಯಲ್ಲಿಯೂ ಅಂಕಕ್ಕಿಂತ ತಿದ್ದುವಿಕೆಯೇ ಮುಖ್ಯವಾಗಲೆಂದರೆ, ಅಂಕದ ಭಯವಿಲ್ಲದಿದ್ದರೆ ಹುಡುಗರು ಓದಲಾರರೆಂಬ ಆಕ್ಷೇಪವುಂಟು. ಭಯವು ಗೆಲ್ಲುವ ಭರವಸೆಯುಳ್ಳವನನ್ನು ಓಡಿಸಬಹುದು. ಸೋಲು ನಿಶ್ಚಿತವೆಂದು ಬಲ್ಲವನನ್ನು ಅದು ಕುಳ್ಳಿರಿಸಿಬಿಡುತ್ತದೆ. ಮಳೆ ಕೈಕೊಟ್ಟ ವರ್ಷ ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಿಂದ ಎಷ್ಟೋ ಕುಟುಂಬಗಳು ದುಡಿಮೆಯನ್ನರಸಿ ಗುಳೆ ಹೋಗುತ್ತವೆ. ತಂದೆತಾಯಿಯರೊಡನೆ ಹೋಗಿ ತಿಂಗಳುಗಳ ಮೇಲೆ ಶಾಲೆಗೆ ಮರಳಿದ ಮಗುವಿಗೆ ಕೆಂಪು ಶಾಯಿಯ ಸಂಖ್ಯೆಯು ಅದಕ್ಕೆ ಮೊದಲೇ ತಿಳಿದಿದ್ದ ಸಂಗತಿಯನ್ನಲ್ಲದೆ ಬೇರೇನನ್ನೂ ಹೇಳದು. ಅದಕ್ಕೆ ಬೇಕಾದುದು, ಎಲ್ಲಿಂದ ಹಿಡಿದು ಮುಂದುವರಿಯಬೇಕೆಂಬ ಸ್ಪಷ್ಟವಾದ ಸೂಚನೆ. ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಂಕವಿಲ್ಲದೆ ಬರಿಯ ಟಿಪ್ಪಣಿಯನ್ನು ಪಡೆದ ಮಕ್ಕಳ ಆಸಕ್ತಿಯೂ ಸಾಧನೆಯೂ ಮೇಲಾಗಿದ್ದವು. ಟಿಪ್ಪಣಿಯ ಜೊತೆಗೆ ಅಂಕವನ್ನೂ ಕೊಟ್ಟಾಗ ಆ ಪ್ರಯೋಜನ ಉಳಿಯಲಿಲ್ಲ. ಸಂಖ್ಯೆ ಕಂಡೊಡನೆ ಮಾತು ಕಿವಿಗೆ ಬೀಳದು.

ಇನ್ನು ಪ್ರಶ್ನೆಯ ಸ್ವರೂಪ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಸಂತೆ ನಡೆಯುತ್ತದೆ. ಸೊಪ್ಪು, ಮೆಣಸಿನಕಾಯಿಗಳನ್ನು ತೂಗಿ, ಚಿಲ್ಲರೆ ಎಣಿಸಿ, ಲಾಭನಷ್ಟವನ್ನು ಲೆಕ್ಕ ಹಾಕುವ ಬಾಲಕಿಯನ್ನು ಕಂಡು ಸಂತೋಷಪಡುವ ನಾವು, ಮರುದಿನ ಅದೇ ಗಣಿತಕ್ಕೆ ಬೇರೊಂದು ಪ್ರಶ್ನೆಪತ್ರಿಕೆಯನ್ನು ಹಂಚುವುದೇಕೆ? ಅವಳ ಸಂತೆಯ ಲೆಕ್ಕದ ಪುಸ್ತಕವೇ ಉತ್ತರಪತ್ರಿಕೆಯಾಗಬಾರದೇ? ಕುಕನೂರಿನ ಸಮೀಪದ ಇಟಗಿಯಲ್ಲಿ ಮಹಾದೇವ ದಂಡನಾಯಕನು 1112ರಲ್ಲಿ ಕಟ್ಟಿಸಿದ ದೇವಾಲಯವಿದೆ. ಅದರ ಕಂಬಗಳ ಅಂತರವನ್ನಳೆದು ಪ್ರಮಾಣಬದ್ಧವಾದ ನಕ್ಷೆಯನ್ನು ಬರೆಯಲು ಒಂದು ತಂಡಕ್ಕೆ ಹೇಳಿ, ಆ ನಕ್ಷೆಯನ್ನು ಸ್ಥಳದಲ್ಲಿಯೇ ಪರಿಶೀಲಿಸಲು ಇನ್ನೊಂದು ತಂಡಕ್ಕೆ ಒಪ್ಪಿಸಿದರೆ, ತಪ್ಪನ್ನು ತೋರಿಸುವವರು ಗುರುಗಳಲ್ಲ, ಕಲ್ಲುಗಳೇ. ಅಂತಹ ತಪ್ಪಿನಲ್ಲಿ ಅವಮಾನವಿಲ್ಲ, ಮತ್ತೊಮ್ಮೆ ಅಳೆಯುವ ಹಂಬಲವುಂಟು. ಗಂಗಾವತಿಯ ಮಕ್ಕಳಿಗೆ ಕಾಲುವೆಯ ನೀರೂ ಭತ್ತದ ಗದ್ದೆಯೂ ಇಂತಹುದೇ ಸಾಮಗ್ರಿ.

ಇಂತಹ ಮೌಲ್ಯಮಾಪನದಿಂದ ನ್ಯಾಯಕ್ಕೆ ಲೋಪ ಬಾರದಂತೆ, ಒಳ್ಳೆಯ ಕೆಲಸವೆಂದರೆ ಯಾವುದೆಂಬುದನ್ನು ಮೊದಲೇ ಮಕ್ಕಳೊಡನೆ ಕುಳಿತು ನಿಶ್ಚಯಿಸತಕ್ಕದ್ದು. ತುಂಬಿದ ತರಗತಿಯಲ್ಲಿ ಇದು ಸುಲಭವಲ್ಲವೆಂಬುದು ನಿಜ. ಆದಕಾರಣ ಶಿಕ್ಷಕ ಬಂಧುಗಳಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ಈ ವರ್ಷ ಒಂದು ವಿಷಯದ ಒಂದು ಕಿರುಪರೀಕ್ಷೆಯಲ್ಲಾದರೂ ಅಂಕವನ್ನು ಬರೆಯದೆ, ಮುಂದೇನು ಮಾಡಬೇಕೆಂಬ ಎರಡು ಸಾಲುಗಳನ್ನು ಬರೆದು, ಅದೇ ಉತ್ತರವನ್ನು ತಿದ್ದಿ ಬರೆಯಲು ಮಕ್ಕಳಿಗೆ ಒಂದು ವಾರದ ಅವಕಾಶ ಕೊಡಿರಿ.